ಪರದೆ ಹಿಂದಿನ ದನಿಗೊಂದು ಶಾಲು

ದುಬಲಗುಂಡಿ
೨೪ ಮಾರ್ಚ್ ೨೦೨೫, ಸೋಮವಾರ

ಪ್ರೀತಿಯ ಆಯಿ,

ನಿನ್ನ ಮೊಮ್ಮಗಳು ವಿಶಾಖಾಳ ಜೈ ಭೀಮ್. ಮೊಣಕಾಲು ಈಗ ಹೇಗಿದೆ? ದಿನಾ ಬೆಳಿಗ್ಗೆ ಕೂಸಿಗೆ ನೀರು ಹಾಕಲು ಕಾಲು ಚಾಚಿ ಕೂತರೆ ಏಳುವಾಗ ಇಬ್ಬರು ಎತ್ತಬೇಕಾಗುತ್ತದೆಂದು ಪೂನಂ ಅತ್ತೆ ಫೋನಿನಲ್ಲಿ ಹೇಳಿದಳು. ನಾನು ಕೊಟ್ಟ ಎಣ್ಣೆಯನ್ನು ನೀನು ಮೊಣಕಾಲಿಗೆ ಹಚ್ಚದೆ ಕೂಸಿನ ನೆತ್ತಿಗೆ ಒತ್ತುತ್ತಿರುವ ಸುದ್ದಿಯೂ ಬಂದಿದೆ. ಹತ್ತು ವರ್ಷದ ಮೇಲೆ ಹುಟ್ಟಿದ ಮೊಮ್ಮಗಳೆಂದು ಅವಳನ್ನು ತೊಡೆಯಿಂದ ಕೆಳಗೇ ಇಳಿಸುವುದಿಲ್ಲವಂತೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚು, ಆದರೂ ಇರಲಿ. ಬಾಣಂತಿ ಅತ್ತೆಗೆ ಅಮ್ಮ ಅಂಟಿನುಂಡಿ ಕಟ್ಟಿದ್ದಾಳೆ, ಅಂಬಾದಾಸ ಕಾಕಾ ಇವತ್ತು ಸಂಜೆ ರಾಜೇಶ್ವರಕ್ಕೆ ತರುತ್ತಾನೆ. ಡಬ್ಬಿಯ ಮೇಲೆ ಈ ಪತ್ರ ಇರುತ್ತದೆ. ಪೂನಂ ಅತ್ತೆ, ಇದನ್ನು ನೀನೇ ಆಯಿಗೆ ಓದಿ ಹೇಳಬೇಕು. ಪೂರ್ತಿ ಓದು, ನಡುವೆ ನಿನ್ನ ಮಾತು ಸೇರಿಸಬೇಡ.

ಫೋನು ಇರುವಾಗ ಪತ್ರ ಯಾಕೆ ಅನ್ನುತ್ತೀಯ. ನಿನ್ನ ಜೊತೆ ಫೋನಿನಲ್ಲಿ ಮಾತಾಡುವುದು ನನಗೆ ಇನ್ನೂ ಬಂದಿಲ್ಲ. “ಉಂಡೇನು? ಇಡ್ಲಾ?” ಎಂದು ಒಂದೇ ಉಸಿರಿನಲ್ಲಿ ಕೇಳಿ ಇಟ್ಟುಬಿಡುತ್ತೀಯ. ನನಗಂತೂ ಮುಖ್ಯವಾದ ಮಾತು ಬಾಯಿಗೆ ಬರುವುದಕ್ಕೆ ಅರ್ಧ ಗಂಟೆ ಬೇಕು. ಎಂ.ಎ. ಮೌಖಿಕ ಪರೀಕ್ಷೆಯಲ್ಲಿ ನನ್ನ ಹೆಸರು ಕೇಳಿದ್ದಕ್ಕೇ ನೀರು ಕುಡಿದವಳು ನಾನು. ಅಂಥವಳು ಈ ತಿಂಗಳ ಹದಿನಾರನೇ ತಾರೀಖು ಬಸವಕಲ್ಯಾಣದಲ್ಲಿ ಅರವತ್ತು ಜನರ ಮುಂದೆ ಮುಕ್ಕಾಲು ಗಂಟೆ ಮಾತಾಡಿದೆ. ನಂಬು.

ಅಲ್ಲಿಯ ಲೈಬ್ರರಿಯಲ್ಲಿ ರುಕ್ಮಿಣಿಬಾಯಿ ಮೇಡಂ ಒಂದು ಓದುಗರ ಗುಂಪು ನಡೆಸುತ್ತಾರೆ, ನಾನು ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ತಿಂಗಳಿಗೊಮ್ಮೆ ಹೋಗುತ್ತೇನಲ್ಲ, ಅದೇ. ಈ ಸಲ ಹಳೆಯ ಸಿನಿಮಾದವರ ಬದುಕಿನ ಬಗ್ಗೆ ಒಬ್ಬೊಬ್ಬರು ಮಾತಾಡಬೇಕೆಂದು ಚೀಟಿ ಎತ್ತಿಸಿದರು. ನನಗೆ ಬಂದದ್ದು ನೆಲ್ ಕಾರ್ಬರಿ ಎಂಬ ಹಾಲಿವುಡ್ಡಿನ ಗಾಯಕಿ, ನಟಿ. ಹೆಸರೇ ಕೇಳಿರಲಿಲ್ಲ. ಚೀಟಿ ಬದಲಿಸಿ ಅನ್ನಲು ನಾಚಿಕೆಯಾಗಿ ಸುಮ್ಮನೆ ಬಂದೆ. ಮೇಡಂ ಕೊಟ್ಟ ದಪ್ಪ ಇಂಗ್ಲಿಷ್ ಪುಸ್ತಕವನ್ನು ಓದುತ್ತ ಓದುತ್ತ, ಮೂರನೇ ಅಧ್ಯಾಯಕ್ಕೆ ಬಂದಾಗ ಅದೊಂದನ್ನೇ ಎರಡೆರಡು ಸಲ ಓದಿದೆ. ಯಾಕೆಂದು ನಿನಗೆ ಈಗ ತಿಳಿಯುತ್ತದೆ.

ನೆಲ್‌ಳ ತಾಯಿ ಅಮೆರಿಕದ ಒಂದು ಸಣ್ಣ ಊರಿನಲ್ಲಿ ಕಂಡವರ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದಳು. ಮಗಳು ಬಟ್ಟೆ ಹಿಂಡುತ್ತ ಹಾಡು ಕಲಿತಳು. ಹತ್ತೊಂಬತ್ತಕ್ಕೆ ರೈಲು ಹತ್ತಿ ಹಾಲಿವುಡ್ಡಿಗೆ ಹೋಗಿ ಟೋಪಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಅಲ್ಲಿಂದ ಒಂದು ಸಿನಿಮಾ ಕಂಪನಿ ಕರೆದು ಹಾಡಿಸಿತು. ಆದರೆ ಪರದೆಯ ಮೇಲೆ ತುಟಿ ಆಡಿಸಿದವಳು ಬೇರೆ, ಹೆಸರಾಂತ ಚೆಲುವೆ. ಏಳು ಸಿನಿಮಾ ಹಾಗೇ ನಡೆಯಿತು. ಎಲ್ಲೂ ನೆಲ್‌ಳ ಹೆಸರಿಲ್ಲ, ಹಾಡಿದ್ದು ತಾನೆಂದು ಯಾರಿಗೂ ಹೇಳಕೂಡದೆಂದು ಕಾಗದಕ್ಕೆ ಸಹಿ ಬೇರೆ. ಒಂದು ಸಿನಿಮಾ ಅವಳ ಊರಿನ ಟಾಕೀಜಿಗೆ ಬಂತು. ತಾಯಿ ನೋಡಲು ಹೋದಳು. ಹಾಡು ಶುರುವಾದದ್ದೇ ತಡ, ಎದ್ದು ನಿಂತು ಕೂಗಿದಳು. ಸಭೆಯಲ್ಲಿ ಇಲ್ಲಿಯವರೆಗೆ ಕಾಗದ ನೋಡಿ ಪುಸ್ತಕದ ಕನ್ನಡದಲ್ಲಿ ಓದುತ್ತಿದ್ದ ನಾನು, ಅದೇನಾಯಿತೋ, ತಲೆಯೆತ್ತಿ ನಮ್ಮ ಮನೆಯ ಮಾತಿನಲ್ಲೇ ಕೂಗಿಬಿಟ್ಟೆ: “ಏ, ಆ ದನಿ ನಮ್ಮ ನೆಲ್ಲಿದು! ಆ ಚೆಲುವಿದಲ್ಲ!” ಎಲ್ಲರೂ ನಕ್ಕರು. ಆಮೇಲೆ ಕಾಗದ ಮಡಚಿಟ್ಟೆ. ನೀನು ಎದುರಿಗೆ ಮೊರ ಹಿಡಿದು ತೊಗರಿಬೇಳೆ ಹಸನ ಮಾಡುತ್ತ ಕೂತಿದ್ದೀಯ, ನಾನು ನಿನಗೆ ಹೇಳುತ್ತಿದ್ದೇನೆ ಎಂದುಕೊಂಡು ಮುಂದುವರಿಸಿದೆ.

ಎಂಟನೆಯ ಸಿನಿಮಾದ ನಡುವೆ ಆ ಚೆಲುವೆ ಜಗಳವಾಡಿ ಹೋದಳು. ನಿರ್ದೇಶಕ ನೆಲ್‌ಳನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸಿದ. ಅಷ್ಟು ದೀಪ, ಅಷ್ಟು ಜನ. ಅವಳಿಗೆ ದನಿಯೇ ಹೊರಡಲಿಲ್ಲ. ಅವಳು ಕೇಳಿಕೊಂಡಳಂತೆ, ನನ್ನ ಮುಂದೆ ಒಂದು ಚಾದರ ಕಟ್ಟಿ ಅಂತ. ಕಟ್ಟಿದರು. ಅದರ ಹಿಂದೆ ನಿಂತು ಒಂದು ಸಲ ಹಾಡಿದಳು. ಒಂದು ಗೇಣು ಇಳಿಸಿ ಅಂದಳು, ಹಾಡಿದಳು. ಇನ್ನೊಂದು ಗೇಣು. ಸಂಜೆಯ ಹೊತ್ತಿಗೆ ಚಾದರ ನೆಲದ ಮೇಲಿತ್ತು, ಅವಳು ಅದರ ಮೇಲೆ ನಿಂತು ಹಾಡುತ್ತಿದ್ದಳು. ಆಮೇಲೆ ಅವಳದೇ ಹೆಸರಿನಲ್ಲಿ ಹನ್ನೊಂದು ಸಿನಿಮಾ ಬಂದವು. ಹಾಡಿನ ಸಿನಿಮಾಗಳ ಕಾಲ ಮುಗಿದ ಮೇಲೆ ಮನೆ ಮಾಲಕಿ, ಸೋದರತ್ತೆ ಇಂಥ ಸಣ್ಣ ಪಾತ್ರ ಮಾಡಿದಳು, ಮಕ್ಕಳಿಗೆ ಹಾಡು ಕಲಿಸಿದಳು. ಎಪ್ಪತ್ತೆಂಟನೇ ವಯಸ್ಸಿನಲ್ಲಿ ಅವಳ ಹಳೆಯ ಸಿನಿಮಾವೊಂದನ್ನು ತೋರಿಸುವಾಗ ಕರೆದಿದ್ದರು, ಹೆಸರಿಲ್ಲದೆ ಹಾಡಿದ ಏಳರಲ್ಲಿ ಒಂದು. ಹಾಡು ಬಂದಾಗ ಕುರ್ಚಿಯಿಂದ ಎದ್ದು ತನ್ನದೇ ದನಿಯ ಜೊತೆ ತಾನೂ ಹಾಡಿದಳು. ಜನಕ್ಕೆ ಪರದೆ ನೋಡಬೇಕೋ ಇವಳನ್ನು ನೋಡಬೇಕೋ ತಿಳಿಯಲಿಲ್ಲವಂತೆ. ನಾನು ಅಲ್ಲಿಗೆ ಮುಗಿಸಿದೆ.

ಇನ್ನು ನಿನ್ನ ಮಗನ ಕಥೆ ಕೇಳು. ನಾನು ಮಾತಾಡುವ ಸುದ್ದಿ ತಿಳಿದು ಕಾಕಾ ಒಂದು ಟಂಟಂ ಗಾಡಿ ಮಾಡಿಕೊಂಡು ನಮ್ಮ ಓಣಿಯ ಹನ್ನೆರಡು ಜನರನ್ನು ತುಂಬಿಕೊಂಡು ಬಂದಿದ್ದ. ನಿಮ್ಮ ಗಾಯನ ಪಾರ್ಟಿಯ ಕಾಶಿರಾಮಜ್ಜ, ಅವರ ಹೆಂಡತಿ ಸುಂದರಬಾಯಿ ಎಲ್ಲರೂ ಇದ್ದರು. ನಮ್ಮ ಕಡೆ ಸತ್ಕಾರವಿಲ್ಲದೆ ಯಾವ ಕಾರ್ಯಕ್ರಮ ಮುಗಿದಿದೆ? ಕಾಕಾ ದಾರಿಯಲ್ಲಿ ಹುಮನಾಬಾದಿನಲ್ಲಿ ಇಳಿದು ಶಾಲು, ಹಾರ, ತೆಂಗಿನಕಾಯಿ ತೆಗೆದುಕೊಂಡಿದ್ದ. ನಾನು ಕೂತದ್ದೇ ತಡ, ಶಾಲು ಬಿಚ್ಚಿ ಹಿಡಿದುಕೊಂಡು ಮುಂದೆ ಬಂದು, “ಎಲ್ಲಿ, ಆ ಬಾಯಿಯವರಿಗಿ ಕರೀರಿ” ಅಂದ. ಅವರು ತೀರಿಕೊಂಡು ನನ್ನ ವಯಸ್ಸಿಗಿಂತ ಹೆಚ್ಚು ವರ್ಷವಾಯಿತು ಎಂದು ಪಿಸುಗುಟ್ಟಿದೆ. “ಮೊದಲೇ ಹೇಳಬೇಕಿಲ್ಲೇನು? ಶಾಲು ವಾಪಸ್ ತಗೋಳಂಗಿಲ್ಲ ಅಂದಾನ ಅಂಗಡ್ಯಾಂವ!” ಅಂದ. ಯಾರೋ ಪುಸ್ತಕದ ಮೇಲಿನ ಅವಳ ಫೋಟೊಕ್ಕೆ ಹಾಕು ಅಂದರು. “ಫೋಟೊಕ್ಕ ಹಾರ ಹಾಕ್ತಾರ, ಶಾಲು ಹೊಚ್ಚಲಿಕ್ಕಿ ಅದಕ್ಕೇನ ಥಂಡಿ ಬಂದದೇನು?” ಎಂದು ಸುಂದರಬಾಯಿ. ಮೇಡಂ ನನ್ನ ಕಡೆ ಕೈ ತೋರಿಸಿದಾಗ ನಾನು ಪುಸ್ತಕದ ಕಪಾಟಿನ ಹಿಂದೆ ಹೋಗಿ ನಿಂತೆ.

ಆಗ ಕಾಶಿರಾಮಜ್ಜ ಎದ್ದು ಕಾಕಾನ ಕೈಯಿಂದ ಶಾಲು ತೆಗೆದುಕೊಂಡರು. ಹಿರಿಯ ಕಲಾವಿದರು, ತಾವೇ ಹೊದ್ದುಕೊಳ್ಳುತ್ತಾರೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜ ಅದನ್ನು ಮಡಚಿದರು, ಇನ್ನೊಮ್ಮೆ ಮಡಚಿದರು. “ನಾ ಒಂದ್ ಮಾತ ಹೇಳ್ತೀನಿ, ನಗಬ್ಯಾಡ್ರಿ,” ಅಂದರು. “ನಮ್ಮ ಪಾರ್ಟಿ ಹಾಡಿನಾಗ ಮ್ಯಾಲಿನ ದನಿ ಬಂತಂದ್ರ ನಾ ಕಿವಿಗಿ ಕೈ ಹಚ್ಚಿ ಬಾಯಿ ಅಗಲಿಸ್ತಿದ್ದೆ. ಅಷ್ಟೇ. ದನಿ ನಂದಲ್ರಿ. ಹಿಂದ ಪರದೆ ಮರಿಗಿ ಕುಂತ ದ್ರೌಪತಿಬಾಯಿದು. ಆಕಿ ಅತ್ತಿ, ಹೆಣಮಕ್ಕಳು ಮುಂದ ಕುಂದ್ರಬಾರದು ಅಂದಿದ್ಲು. ಅತ್ತಿ ಸತ್ತು ಮೂವತ್ತು ವರ್ಷ ಆಯ್ತು. ಪರದೆ ನಾನೇ ಬಿಚ್ಚಲಿಲ್ಲ. ಮನ್ಯಾಗ ಹದಿಮೂರು ಶಾಲು ಅವ, ಎಲ್ಲಾ ಆಕಿವೇ.” “ಎರಡು ಇಲಿ ತಿಂದಾವ, ಅದನೂ ಹೇಳು,” ಎಂದು ಸುಂದರಬಾಯಿ ಗದರಿದಳು. “ಇಷ್ಟ ವರ್ಷ ಸುಳ್ಳೇ ಬಾಯಿ ತಗದಿ, ಇವತ್ತ ಒಂದ್ ಸಲ ಖರೇ ತಗದಿ.” ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕಾಕಾ ಮಾತ್ರ ತಲೆ ಹಿಡಿದುಕೊಂಡು ಕೂತಿದ್ದ: “ನಮ್ಮವ್ವನ ದನಿ ನನಗೇ ಗೊತ್ತಾಗಲಿಲ್ಲಲ್ಲೋ! ಆಕಿ ಹಿಂದ ಕುಂತು ಬರೇ ತಾಳ ಹಾಕ್ತಾಳ ಅಂತ ತಿಳದಿದ್ದೆ. ಸಣ್ಣಾಂವ ಇದ್ದಾಗ ಆ ದನಿಗಿ ನಾನೇ ಸೀಟಿ ಹೊಡದೀನಿ, ಕಾಶಿರಾಮ ಕಾಕಾ ಜಿಂದಾಬಾದ್ ಅಂತ!” ನೆಲ್‌ಳ ತಾಯಿಯ ಹಾಗೆ ಎದ್ದು ಕೂಗಲು ನಿನಗೆ ಯಾರೂ ಇರಲಿಲ್ಲ ಆಯಿ. ನಿನ್ನ ಮಗ ಸೀಟಿ ಹೊಡೆಯುವಾಗ ನೀನು ಪರದೆಯ ಹಿಂದೆ ನಗುತ್ತಿದ್ದೆಯೋ ಏನೋ, ನನಗೆ ಗೊತ್ತಿಲ್ಲ.

ನನಗೆ ಗೊತ್ತಿರುವುದು ಒಂದೇ. ಹೋದ ವರ್ಷ ನೀನೇ ನಗುತ್ತ ಹೇಳಿದ್ದೆ, “ಬಾಯಿ ಅವಂದು, ದನಿ ನಂದು. ಪರದೆ ಹಿಂದ ಕುಂತ್ರ ಎಲಿ ಅಡಿಕಿ ತಿನಕೋತ ಹಾಡಬಹುದು ನೋಡು.” ಮುಂದೆ ಕೂರಬೇಕು ಅನ್ನಿಸಲಿಲ್ಲವೇ ಎಂದು ನಾನು ಕೇಳಿದೆ. ನೀನು ಬಹಳ ಹೊತ್ತು ಮೊರ ಆಡಿಸಿ, “ಈ ಬ್ಯಾಳ್ಯಾಗ ಹಳ್ಳು ಭಾಳ ಅವ” ಅಂದೆ. ನೀನು ಎದ್ದು ಹೋದ ಮೇಲೆ ನೋಡಿದೆ ಆಯಿ. ಆ ಬೇಳೆಯಲ್ಲಿ ಒಂದು ಕಲ್ಲೂ ಇರಲಿಲ್ಲ.

ಕಾಶಿರಾಮಜ್ಜ ಅಲ್ಲೇ ಒಂದು ಷರತ್ತು ಹಾಕಿದರು. ಏಪ್ರಿಲ್ ಹದಿನಾಲ್ಕಕ್ಕೆ ಹುಮನಾಬಾದಿನಲ್ಲಿ ಬಾಬಾಸಾಹೇಬರ ಜಯಂತಿಗೆ ಪಾರ್ಟಿ ಹಾಡಬೇಕಲ್ಲ, ಅಲ್ಲಿ ದ್ರೌಪತಿಬಾಯಿ ಪರದೆಯಿಲ್ಲದೆ ಎಲ್ಲರ ಮುಂದೆ ಕೂತು ಹಾಡಬೇಕು, ಹಿಂದೆ ನಿಂತು ಝೀಲ್ ಹಿಡಿದು ಪಲ್ಲವಿ ಎತ್ತಿಕೊಡುವವರು ತಾವು. “ಆಕಿ ಮುಂದ ಕುಂತ್ರ ಪಾರ್ಟಿ ಅದ, ಇಲ್ಲಂದ್ರ ನಾನೂ ಸ್ಟೇಜ್ ಹತ್ತಂಗಿಲ್ಲ.” ಅಷ್ಟೂ ಜನ ನನ್ನ ಕಡೆ ತಿರುಗಿದರು, ನಿನ್ನ ಪರವಾಗಿ ಉತ್ತರ ಕೊಡುವವಳು ನಾನೇ ಎಂಬಂತೆ. ಏನು ಹೇಳಿದೆನೆಂಬುದನ್ನು ಬರೆಯಲು ಸ್ವಲ್ಪ ಧೈರ್ಯ ಬೇಕು, ತಡಿ.

ಅಜ್ಜ ನಿನಗೆಂದು ನನ್ನ ಕೈಗೆ ಕೊಟ್ಟ ಶಾಲು ನಮ್ಮ ಟ್ರಂಕಿನಲ್ಲಿದೆ. ಹಸಿರು ಅಂಚು, ನಿನಗೆ ಒಪ್ಪುತ್ತದೆ. ಅಮ್ಮ ಅದನ್ನು ಒಣಹಾಕಿದ ಹಪ್ಪಳದ ಮೇಲೆ ಹೊದಿಸಲು ನೋಡಿದಳು, ನಾನು ಮೊದಲ ಸಲ ಅಮ್ಮನ ಮೇಲೆ ದನಿ ಎತ್ತಿದೆ. “ಅಬ್ಬಾ, ನಿನಗೂ ಬಾಯಿ ಬಂತಲ್ಲ,” ಅಂದಳು.

ಕೂಸಿನ ಎರಡೂ ಕೆನ್ನೆಗೆ ನನ್ನ ಮುತ್ತು. ಪೂನಂ ಅತ್ತೆ ಉಂಡಿಯನ್ನು ದಿನಕ್ಕೆ ಎರಡೇ ತಿನ್ನಲಿ, ಒಂದನ್ನು ನಿನಗೆ ಕೊಡಲಿ. ಎಣ್ಣೆ ಮೊಣಕಾಲಿಗೆ. ನಿನ್ನ ಕೈ ನನ್ನ ತಲೆಯ ಮೇಲೆ ಯಾವಾಗಲೂ ಇರಲಿ.

ಬೇಳೆ ಹಸನ ಮಾಡುವುದನ್ನು ಇನ್ನೂ ಸರಿಯಾಗಿ ಕಲಿಯದ ನಿನ್ನ ಮೊಮ್ಮಗಳು,
ವಿಶಾಖಾ

ತಾ.ಕ.: ಕಾಕಾ ಹೊರಗೆ ಗಾಡಿ ಚಾಲು ಮಾಡಿ ಹಾರ್ನ್ ಒತ್ತುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಾನು “ಹೌದ್ರಿ, ಆಯಿ ಹಾಡ್ತಾಳ” ಅಂದುಬಿಟ್ಟೆ. ನಿನ್ನನ್ನು ಕೇಳದೆ. ಜಯಂತಿಯ ಪಾಂಪ್ಲೆಟ್ ಅಚ್ಚಾಗಿ ಬಂದಿದೆ, ಇದರೊಳಗೆ ಮಡಚಿ ಇಟ್ಟಿದ್ದೇನೆ. ಮೊದಲ ಸಾಲಿನಲ್ಲಿ ದಪ್ಪಕ್ಷರದಲ್ಲಿರುವುದು ನಿನ್ನ ಹೆಸರು, ಅತ್ತೆ ಬೆರಳಿಟ್ಟು ತೋರಿಸಲಿ. ಕೂಸನ್ನು ವಾರದ ಮಟ್ಟಿಗೆ ನೋಡಿಕೊಳ್ಳಲು ಅಮ್ಮ ಬರುತ್ತಾಳೆ, ನೀನು ಆರನೇ ತಾರೀಖು ಕಾಕಾನ ಜೊತೆ ಹೊರಟು ಬಾ. ತಾಲೀಮು ನಮ್ಮ ಅಂಗಳದಲ್ಲೇ. ನಿನ್ನ ಹಳೆಯ ಚಾದರ ಒಗೆದು ಇಟ್ಟಿದ್ದೇನೆ. ಮೊದಲ ದಿನ ಕಟ್ಟೋಣ, ಆಮೇಲೆ ದಿನಕ್ಕೊಂದು ಗೇಣು ಇಳಿಸೋಣ. ಕಾಶಿರಾಮಜ್ಜನ ಪಕ್ಕ ನಿಂತು ಝೀಲ್ ಹಿಡಿಯಲು ಇನ್ನೊಬ್ಬರು ಬೇಕಿತ್ತು, ನಗಬೇಡ, ನನ್ನ ಹೆಸರು ಕೊಟ್ಟಿದ್ದೇನೆ. ಚಾದರ ಅಗಲವಾಗಿದೆ ಆಯಿ, ಮೊದಲ ದಿನ ನಮ್ಮಿಬ್ಬರಿಗೂ ಸಾಕಾಗುತ್ತದೆ.