ವರದರಾಜರ ಚುಕ್ಕಿ

ಅಕ್ಕಾ,

"ಎಲ್ಲವನ್ನೂ ಹಿಡಿಯುವ ಸ್ಕ್ಯಾನ್" ಎಂದು ಕರಪತ್ರ ಅಚ್ಚು ಹಾಕಿ ರೋಗಿಗಳಿಗೆ ಹಂಚುವುದು ಶುದ್ಧ ಮೋಸ. ಅದನ್ನು ಓದಿಯೇ ನಾನು ಅಪ್ಪನನ್ನು ಬಸವನಗುಡಿಯ ಸ್ಕ್ಯಾನ್ ಸೆಂಟರಿಗೆ ಕರೆತಂದೆ. ಪ್ರಾಸ್ಟೇಟ್ ತೆಗೆಸಿದ ಮೇಲೂ ಕ್ಯಾನ್ಸರ್ ಮರಳಿದೆ ಎಂದು ರಕ್ತದ ಪಿಎಸ್‌ಎ ಪರೀಕ್ಷೆ ಹೇಳುತ್ತಿದೆ. ಎಲ್ಲಿದೆ ಎಂದು ಅವರ ಆ ಪೆಟ್ ಸ್ಕ್ಯಾನ್ ಹೇಳಲಿಲ್ಲ.

ನಮ್ಮ ಜೊತೆ ಸ್ಕ್ಯಾನ್ ಮಾಡಿಸಿಕೊಂಡ ವರದರಾಜರದ್ದು ಕಂಡಿತು. ಅವರ ಹೆಂಡತಿ ಅಲಮೇಲು, "ಸಿಕ್ಬಿಡ್ತು ಕಣಮ್ಮಾ, ಒಂದೇ ಒಂದು ಚುಕ್ಕಿ!" ಎಂದು ಎಲ್ಲರಿಗೂ ಪೇಡ ಹಂಚಿದರು. ಕ್ಯಾನ್ಸರ್ ಕಂಡಿತೆಂದು ಪೇಡ ಹಂಚುವವರನ್ನು ನೀನು ನೋಡಿದ್ದೀಯಾ? ಹೊಟ್ಟೆಕಿಚ್ಚಿಗೆ ನಾನು ಅದನ್ನು ತಿನ್ನದೆ ಕಾಗದದಲ್ಲಿ ಸುತ್ತಿಟ್ಟೆ. ಅವರಿಗೆ ಗುರಿಯಿಡಲು ಜಾಗವಿದೆ, ನಮಗಿಲ್ಲ.

ಪಿಎಸ್‌ಎ ಏರತೊಡಗಿದ್ದರೂ ಇನ್ನೂ ಇಷ್ಟು ಕಡಿಮೆ ಇರುವಾಗ ಈ ಸ್ಕ್ಯಾನಿಗೂ ಎಷ್ಟೋ ಸಲ ಕಾಣುವುದಿಲ್ಲವಂತೆ. ಕಾಣುವ ತನಕ ಕಾಯಬೇಡಿ, ಪ್ರಾಸ್ಟೇಟ್ ಇದ್ದ ಜಾಗಕ್ಕೆ ಈಗಲೇ ಕರೆಂಟ್ ಇಡಿಸಿ, ಅಂದರೆ ರೇಡಿಯೇಷನ್ ಕೊಡಿಸಿ ಎಂದರು ಡಾಕ್ಟರು. ಅಪ್ಪ ಒಪ್ಪುತ್ತಿಲ್ಲ. "ಎಲ್ಲಾ ಹಿಡಿಯುತ್ತೆ ಅಂತ ನೀನೇ ಓದಿ ಹೇಳ್ದೆ. ಹಿಡೀಲಿಲ್ಲ ಅಂದ್ರೆ ಇಲ್ಲ ಅಂತಾನೇ ಅರ್ಥ. ನಿಮ್ಮಕ್ಕ ಬಂದು ಹೇಳ್ಲಿ, ಆಮೇಲೆ ನೋಡೋಣ" ಎನ್ನುತ್ತಾರೆ.

ಜೊತೆಗಿರುವವಳು ನಾನು, ಮಾತು ನಡೆಯುವುದು ನಿನ್ನದು! ಅದಕ್ಕೂ ನನಗೆ ಹೊಟ್ಟೆಕಿಚ್ಚೇ. ಆದರೂ ಬಾ, ಬಂದು ಒಪ್ಪಿಸು. ಫೋನಿನಲ್ಲಿ ಹೇಳೋಣವೆಂದರೆ ಅವರು ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಈ ಕಾರ್ಡು.

ಅಪ್ಪನ ಊಟ, ನಿದ್ದೆ ಚೆನ್ನಾಗಿದೆ. ನಾವಿಳಿದುಕೊಂಡಿರುವ ಲಾಡ್ಜು ಹುಡುಕಲು ನಿನಗೆ ಕಷ್ಟವಾಗುತ್ತದೆ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬಸ್ ನಿಲ್ದಾಣದ ಹತ್ತಿರದ ಉಪ್ಪಾರಪೇಟೆ ಪೊಲೀಸ್ ಠಾಣೆಯ ಎದುರು ನಿಂತಿರುತ್ತೇನೆ.

ಹೇಮಶ್ರೀ