ನಾಗವೇಣಿಯ ವ್ಯಕ್ತಿತ್ವಕ್ಕೆ ಟೇಪು ಹಿಡಿದವರಿಗೆ

ಜೀನ್ಸ್ ಕಾರ್ಖಾನೆಯ ಮಾನವ ಸಂಪನ್ಮೂಲ ಅಧಿಕಾರಿಗಳೇ,

ಮಾನ್ಯರೇ ಎಂದು ಶುರು ಮಾಡೋಣವೆಂದರೆ, ನಿಮ್ಮಲ್ಲಿ ಮಾನ್ಯರಾಗಲಿಕ್ಕೂ ಎಂಬತ್ತನಾಲ್ಕು ಪ್ರಶ್ನೆಗಳ ಪರೀಕ್ಷೆ ಇದ್ದೀತು. ನೀವು ಪಾಸಾಗಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ಹಾಗಾಗಿ ಹುದ್ದೆಯ ಹೆಸರಿನಿಂದಲೇ ಕರೆದಿದ್ದೇನೆ. ಆ ಹೆಸರಿನಲ್ಲಿ ಮಾನವ ಮೊದಲು, ಸಂಪತ್ತು ಆಮೇಲೆ, ಮೂಲ ಕೊನೆಗೆ. ನನ್ನ ಹೆಂಡತಿ ನಾಗವೇಣಿಯನ್ನು ಮಾತ್ರ ನೀವು ನೇರವಾಗಿ ಮೂಲೆಗೆ ಕಳಿಸಿದಿರಿ. ರಾಯದುರ್ಗದ ಹೊರಗೆ ಹೊಸದಾಗಿ ತೆರೆದಿರುವ ನಿಮ್ಮ ಕಾರ್ಖಾನೆಯಲ್ಲಿ ಮೂರನೇ ಹೊಲಿಗೆ ಲೈನಿನ ಮೇಲ್ವಿಚಾರಕಿಯ ಹುದ್ದೆಗೆ ಅವಳು ಅರ್ಜಿ ಹಾಕಿದ್ದಳು. 'ನಿಮ್ಮ ವ್ಯಕ್ತಿತ್ವ ಈ ಹುದ್ದೆಗೆ ಹೊಂದುವುದಿಲ್ಲ' ಎಂದು ಮೊಬೈಲಿಗೆ ಒಂದು ಸಾಲು ಬಂತು. ಆ ಒಂದು ಸಾಲಿಗೆ ಇದು ಉತ್ತರ. ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ. ವ್ಯಕ್ತಿತ್ವ ಪರೀಕ್ಷೆಯ 'ನಾನು ತಾಳ್ಮೆಯುಳ್ಳ ವ್ಯಕ್ತಿ' ಎಂಬಲ್ಲಿ ನೀವೂ ಒಂದು ಕಾಲಕ್ಕೆ 'ಸಂಪೂರ್ಣ ಒಪ್ಪುತ್ತೇನೆ' ಎಂದೇ ಒತ್ತಿರುತ್ತೀರಿ.

ನಮ್ಮೂರಲ್ಲಿ ಪ್ಯಾಂಟು ಒಂದೇ ಮನೆಯಲ್ಲಿ ಹುಟ್ಟುವುದಿಲ್ಲ. ಕಟಿಂಗ್ ಮಾಸ್ಟರ್ ಕತ್ತರಿಸಿದ ಬಟ್ಟೆಯ ಬಂಡಲ್ ಓಣಿಗೆ ಬಂದರೆ ಒಬ್ಬಳ ಮನೆಯಲ್ಲಿ ಜೇಬು, ಇನ್ನೊಬ್ಬಳ ಮನೆಯಲ್ಲಿ ಜಿಪ್ಪು, ಮತ್ತೊಬ್ಬಳ ಮನೆಯಲ್ಲಿ ಸೊಂಟದ ಪಟ್ಟಿ. ಹದಿನಾಲ್ಕು ವರ್ಷದಿಂದ ನಮ್ಮ ಓಣಿಯ ಬಂಡಲ್‌ಗಳನ್ನು ಹಂಚುವವಳು, ಯಾರ ಮಗುವಿಗೆ ಜ್ವರ, ಯಾರ ಮಷಿನ್ನು ಕೆಟ್ಟಿದೆ ಎಂದು ನೋಡಿ ಕೆಲಸವನ್ನು ಅತ್ತಿತ್ತ ತಿರುಗಿಸುವವಳು ನಾಗವೇಣಿ. ಇದಕ್ಕೆ ಮೇಲ್ವಿಚಾರಣೆ ಎಂಬ ದೊಡ್ಡ ಹೆಸರಿದೆ ಎಂದು ನಿಮ್ಮ ಜಾಹೀರಾತು ಓದಿದ ಮೇಲೆಯೇ ನಮಗೆ ಗೊತ್ತಾಯಿತು. ನಿಮ್ಮ ಹೊಲಿಗೆ ಪರೀಕ್ಷೆಯಲ್ಲಿ, ಮಾದರಿಯೆಂದು ಮುಂದಿಟ್ಟ ಪ್ಯಾಂಟಿನ ಎಡಗಾಲೇ ತಿರುಚಿಕೊಂಡಿದೆ ಎಂದು ಅವಳು ತೋರಿಸಿದಳು. ನಿಮ್ಮ ಫ್ಲೋರ್ ಮಾಸ್ಟರ್ ಮರುಮಾತಿಲ್ಲದೆ ಮಾದರಿಯನ್ನೇ ಬದಲಿಸಿದರು. ಹೊಲಿಗೆ ನೋಡಿ ಒಪ್ಪಿದವರು ಆಮೇಲೆ ಹೋಲಿಕೆ ನೋಡಲು ಕುಳಿತಿರಿ. ನಿಮ್ಮ ಕಾರ್ಖಾನೆ ಬಂದಮೇಲೆ ಓಣಿಗೆ ಬಂಡಲ್ ಬರುವುದು ನಿಂತಿದೆ. ಈ ಹುದ್ದೆ ಸಿಗದಿದ್ದರೆ ಅವಳಿಗೆ ಉಳಿಯುವುದು ನಿಮ್ಮಲ್ಲೇ ಮೂಲೆಯಲ್ಲಿ ನಿಂತು ಉಳಿದ ದಾರ ಕತ್ತರಿಸುವ ಕೆಲಸ. ದಾರ ಕತ್ತರಿಸಲಿಕ್ಕೆ ವ್ಯಕ್ತಿತ್ವ ಬೇಕಿಲ್ಲವಂತೆ.

ನಿಮ್ಮ ಪರೀಕ್ಷೆ ಮೊಬೈಲಿಗೇ ಬಂತು, ಇಂಗ್ಲಿಷಿನಲ್ಲಿ ಮತ್ತು ತೆಲುಗಿನಲ್ಲಿ. ಆಂಧ್ರದ ಗಡಿಯೂರಿನ ಕನ್ನಡಿಗರಾದ ನಮಗೆ ತೆಲುಗು ತೊಡಕಲ್ಲ. ಆದರೆ ಆ ತೆಲುಗು ತೆಲುಗಿನವರಿಗೂ ತೊಡಕು. ಊರು ಸುಮ್ಮನೆ ಕೂಡಲಿಲ್ಲ. ಟೈಪಿಂಗ್ ಸೆಂಟರಿನ ಸಿದ್ದರಾಮೇಶ್ 'ವ್ಯಕ್ತಿತ್ವ ಕೋಚಿಂಗ್, ಮೂರು ದಿನದಲ್ಲಿ' ಎಂದು ಬೋರ್ಡು ಬರೆಸಿದ. ದೂರದ ಮಡಕಶಿರಾದಿಂದ ಬರುವವರಿಗೆ ಭಾನುವಾರದ ಬೇರೆ ಬ್ಯಾಚು. ಕಿಟಕಿಯಲ್ಲಿ ನಿಂತು ನಾನೂ ಒಂದು ಪಾಠ ಕೇಳಿದೆ. 'ಸಿಟ್ಟು ಬರತೈತೇನು ಅಂತ ಕೇಳ್ತಾರ. ಇಲ್ಲ ಅನ್ರಿ. ಎಲ್ಲಾ ಕಡೀಗೂ ಇಲ್ಲ ಅಂದ್ರ ಸುಳ್ಳು ಅಂತ ಗೊತ್ತಾಗತೈತಿ. ಅದಕ್ಕ ಒಂದ್ ಕಡಿ ಮಾತ್ರ ಸ್ವಲ್ಪ ಬರತೈತಿ ಅಂತ ಒತ್ರಿ. ಅದಕ್ಕ ಪ್ರಾಮಾಣಿಕತೆ ಅಂತಾರ.' ಮೂವತ್ತೊಂದು ಹೆಣ್ಣುಮಕ್ಕಳು ಬರೆದುಕೊಂಡರು. ಮೂವತ್ತೊಂದು ಜನ ಒಂದೇ ಕಡೆ, ಒಂದೇ ಅಳತೆಯ ಸಿಟ್ಟು ಮಾಡಿಕೊಂಡರು. ಇಷ್ಟು ಶಿಸ್ತಿನ ಸಿಟ್ಟನ್ನು ಕಂಡು ನಿಮಗೆ ಅನುಮಾನ ಬರಲಿಲ್ಲವೇ?

ನಾಗವೇಣಿ ಕೋಚಿಂಗಿಗೆ ಹೋಗಲಿಲ್ಲ. ನಮ್ಮ ಟೈಲರ್‌ಗಳಲ್ಲಿ ಒಂದು ರೂಢಿಯಿದೆ: ಎಂಥ ಕಸುಬುದಾರನೇ ಆಗಲಿ, ತನ್ನ ಮೈಯ ಅಳತೆ ತಾನೇ ತೆಗೆದುಕೊಳ್ಳುವುದಿಲ್ಲ. 'ನಾನ ಟೇಪು ಹಿಡ್ಕಂಡ್ರ ಹೊಟ್ಟಿ ಒಳಗ ಎಳ್ಕಂತೀನಿ ರೀ,' ಎಂದಳು ನಾಗವೇಣಿ. 'ಗುಣದ ಅಳತಿನೂ ಅಷ್ಟ. ನನ್ನ ನೋಡಿದವ್ರು ಹೇಳ್ಲಿ.' ಹೀಗೆ ಎಂಬತ್ತನಾಲ್ಕು ಪ್ರಶ್ನೆಗಳನ್ನೂ ಬಂಡಲ್ ಹಂಚಿದಂತೆ ಮೂರು ಪಾಲು ಮಾಡಿದಳು. ಮೊದಲ ಇಪ್ಪತ್ತೆಂಟು ನನ್ನ ತಾಯಿ ದ್ರಾಕ್ಷಾಯಣಮ್ಮನವರಿಗೆ, ನಡುವಿನವು ಜೇಬು ಹೊಲಿಯುವ ಪಕ್ಕದ ಮನೆಯ ಉಜ್ಜಿನಮ್ಮನಿಗೆ, ಕೊನೆಯವು ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುವ ನನಗೆ. ತಾನು ಮಾತ್ರ, ಅಳತೆ ಕೊಡುವವರು ಮೈ ಬಿಗಿ ಹಿಡಿಯಬಾರದೆಂದು, ಗುಂಡಿಗಳಿಗೆ ಕಾಜಾ ಹಾಕುತ್ತ ಕುಳಿತಳು.

ನಾನು ಕನ್ನಡಕ್ಕೆ ತಿರುಗಿಸಿ ಓದಿದೆ: 'ಒತ್ತಡದಲ್ಲೂ ನಾನು ಶಾಂತವಾಗಿರುತ್ತೇನೆ.'

'ಯಾರು, ಈಕಿ?' ಎಂದರು ಅವ್ವ. 'ಕುಕ್ಕರ್ ಆದ್ರೂ ಮೂರು ಸೀಟಿಗೆ ಸುಮ್ನಾಗತೈತಿ. ಒಪ್ಪಂಗಿಲ್ಲ ಅಂತ ಒತ್ತಪಾ. ಜೋರಾಗಿ ಒತ್ತು.'

'ಜೋರಾಗಿ ಒತ್ತಿದ್ರ ಫೋನ್ ಒಡಿತೈತಿ ಅತ್ತೀ, ಮಾರ್ಕ್ಸ್ ಏನ್ ಕಮ್ಮಿ ಆಗಂಗಿಲ್ಲ,' ಎಂದಳು ನಾಗವೇಣಿ.

ಉಜ್ಜಿನಮ್ಮನ ಪಾಲಿಗೆ ಅದೇ ಪ್ರಶ್ನೆ ವೇಷ ಬದಲಿಸಿ ಬಂತು: 'ಇತರರು ತಪ್ಪು ಮಾಡಿದಾಗ ನನ್ನ ತಾಳ್ಮೆ ತಪ್ಪುತ್ತದೆ.'

'ಒಟ್ಟ ಇಲ್ರಿ ಸಾರ್. ದೀಪಾವಳಿ ಗಡಿಬಿಡಿಯಾಗ ನಾ ನಲವತ್ತು ಜೇಬು ತಿರುಗಾಮುರುಗಾ ಹಚ್ಚಿದ್ನಿ. ನಾಗಕ್ಕ ಒಂದ್ ಮಾತು ಅನ್ಲಿಲ್ಲ. ನನ್ ಜೋಡಿ ಕುಂತು ಬಿಚ್ಚಿಕೊಟ್ಲು.'

'ಹೌದವಾ! ನಾ ಒಂದ್ ದಿನ ಸಾರಿಗೆ ಉಪ್ಪು ಹೆಚ್ಚಿಗಿ ಹಾಕಿದ್ದಕ್ಕ ವಾರಗಟ್ಲೆ ಅಂದಾಡಿದ್ಲು,' ಎಂದರು ಅವ್ವ.

'ಹೊಲಿಗಿ ಬಿಚ್ಚಬೋದು ಅತ್ತೀ, ಉಪ್ಪು ಬಿಚ್ಚಾಕ ಬರತೈತೇನು?'

ಇಬ್ಬರೂ ಸತ್ಯವನ್ನೇ ಹೇಳಿದರು. ಕೊನೆಯ ಪಾಲನ್ನು ನಾನು ಮನಸ್ಸಿನಲ್ಲೇ ಓದಿಕೊಂಡು ಒತ್ತಿದೆ. ಒಂದು ಸಾಲಿನ ತಿರಸ್ಕಾರ ಬಂದ ಮೇಲೆ ನಾಗವೇಣಿ ನಿಮ್ಮ ಕಚೇರಿಗೆ ಫೋನ್ ಮಾಡಿ ಕಾರಣ ಕೇಳಿದಳು. ನಿಮ್ಮ ಸಿಬ್ಬಂದಿ ವರದಿ ಓದಿ ಹೇಳಿದರು: ಪರಸ್ಪರ ವಿರೋಧದ ಉತ್ತರಗಳು ಹೆಚ್ಚು; ಪ್ರಾಮಾಣಿಕತೆ ಸಂದೇಹಾಸ್ಪದ; ಕೊನೆಯ ಭಾಗದಲ್ಲಿ ಹನ್ನೊಂದು ಕಡೆ 'ಹೇಳಲಾರೆ', ಆದ್ದರಿಂದ ತನ್ನ ಬಗ್ಗೆ ತನಗೇ ಅರಿವು ಕಡಿಮೆ.

ವಿರೋಧವೇ? ಅಧಿಕಾರಿಗಳೇ, ನೀವು ನಿಮ್ಮ ಎಂ.ಡಿ. ಮುಂದೆ ನಿಲ್ಲುವುದೂ ಗೇಟಿನ ವಾಚ್‌ಮನ್ ಮುಂದೆ ನಿಲ್ಲುವುದೂ ಒಂದೇ ಭಂಗಿಯಲ್ಲೋ? ಮನೆಯಲ್ಲಿ ಉಗ್ರ, ಕಚೇರಿಯಲ್ಲಿ ವಿನಮ್ರ ಎಂದರೆ ನಿಮ್ಮನ್ನೂ ಸುಳ್ಳುಗಾರರ ಪಟ್ಟಿಗೆ ಸೇರಿಸೋಣವೇ? ಅತ್ತೆಯ ಹತ್ತಿರ ಸಿಡುಕಿ, ಜೊತೆಗಾತಿಯ ತಪ್ಪಿಗೆ ತಾನೂ ಕುಳಿತು ದಾರ ಬಿಚ್ಚುವವಳಿಗೆ ಎರಡು ವ್ಯಕ್ತಿತ್ವ ಇರುವುದಿಲ್ಲ, ಇಬ್ಬರು ಜನರ ಪರಿಚಯ ಇರುತ್ತದೆ. ನೀವು ಗುಣಾಕಾರ ಮಾಡಲು ಹೋಗಿ ಗುಣವನ್ನು ಬಿಟ್ಟು ಆಕಾರವನ್ನಷ್ಟೇ ಉಳಿಸಿಕೊಂಡಿರಿ.

ಈಗ ನಿಮ್ಮ ಮೂರನೇ ಲೈನು ಸಿದ್ದರಾಮೇಶನ ಬ್ಯಾಚಿನ ಶಿರಿಷಾಳ ಕೈಯಲ್ಲಿದೆ. ಒಳ್ಳೆಯ ಹುಡುಗಿ. ಹೋದ ವಾರ ಶಿಫ್ಟು ಮುಗಿಸಿ ನೇರವಾಗಿ ನಮ್ಮ ಮನೆಗೆ ಬಂದಳು. 'ಅಕ್ಕಾ, ಜಿಪ್ಪೆಲ್ಲಾ ಸುಕ್ಕು ಬೀಳಾಕ ಹತ್ಯಾವ. ಮೂವತ್ತು ಮಂದಿ ನನ್ ಮುಖ ನೋಡ್ತಾರ. ಕೋಚಿಂಗಿನ್ಯಾಗ ಇದನ್ನ ಹೇಳಿದ್ದಿಲ್ಲ.' ನಾಗವೇಣಿ ಮಷಿನ್ನಿಗೆ ಕೂತು, ಬಟ್ಟೆ ಎಳೆಯದೆ ಬಿಡುವುದು ಹೇಗೆಂದು ತೋರಿಸಿದಳು. ಯಾರನ್ನು ಜಿಪ್ಪಿನ ಕೆಲಸದಿಂದ ಎತ್ತಿ ಸೊಂಟದ ಪಟ್ಟಿಗೆ ಕೂರಿಸಬೇಕೆಂದೂ ಹೇಳಿದಳು. ಶಿರಿಷಾ ಅಂದಿನಿಂದ ದಿನಾ ಬರುತ್ತಾಳೆ. ಹೀಗಾಗಿ, ನಿಮಗೆ ವ್ಯಕ್ತಿತ್ವ ಹೊಂದದವಳೇ ನಮ್ಮ ಪಡಸಾಲೆಯಿಂದ ನಿಮ್ಮ ಲೈನು ನಡೆಸುತ್ತಿದ್ದಾಳೆ.

ಶಿರಿಷಾಳನ್ನು ತೆಗೆಯಿರಿ ಎಂದು ನಾನು ಕೇಳುವುದಿಲ್ಲ; ಕೇಳಿದರೆ ನಾಗವೇಣಿಯ ಮೂರನೆಯ ವ್ಯಕ್ತಿತ್ವವನ್ನು ನಾನು ನೋಡಬೇಕಾದೀತು. ಮುಂದಿನ ತಿಂಗಳು ನಿಮ್ಮ ನಾಲ್ಕನೇ ಲೈನು ಶುರುವಾಗುತ್ತದೆ. ಹದಿನೈದು ದಿನ ಅದನ್ನು ನಾಗವೇಣಿಯ ಕೈಗೆ ಕೊಡಿ. ಆಮೇಲೆ ಅದೇ ಎಂಬತ್ತನಾಲ್ಕು ವಾಕ್ಯಗಳಲ್ಲಿ 'ನಾನು' ತೆಗೆದು 'ಈಕೆ' ಎಂದು ಹಾಕಿ, ಆ ಲೈನಿನ ಮೂವತ್ತು ಹೆಣ್ಣುಮಕ್ಕಳಿಂದ ಉತ್ತರ ಪಡೆಯಿರಿ. ಬಂದ ಫಲಿತಾಂಶಕ್ಕೆ ನಾವು ತಲೆಬಾಗುತ್ತೇವೆ.

ಇನ್ನು ಆ ಹನ್ನೊಂದು 'ಹೇಳಲಾರೆ'. ಫೋನಿಟ್ಟ ನಾಗವೇಣಿ ನನ್ನ ಕಡೆ ತಿರುಗಿ ಕೇಳಿದಳು: 'ಅತ್ತಿ ಬೈದಾರ, ಆದ್ರ ನನ್ನ ನೋಡಿ ಬೈದಾರ. ನೀವು ಏನೂ ನೋಡೇ ಇಲ್ಲೇನ್ರಿ?' 'ಅವಕಾಶ ಸಿಕ್ಕರೆ ಮುಂದೆ ನಿಂತು ನಡೆಸಲು ನನಗೆ ಇಷ್ಟ', 'ಹೊಸದನ್ನು ಕಲಿಯುವ ಆಸೆ ನನಗಿದೆ', ಇಂಥವುಗಳ ಮುಂದೆ ನನ್ನ ಬೆರಳು ನಿಂತುಬಿಟ್ಟಿತ್ತು. ಅದನ್ನೆಲ್ಲ ನಾನು ಅವಳನ್ನು ಯಾವತ್ತೂ ಕೇಳಿರಲಿಲ್ಲ. ಅರಿವು ಕಡಿಮೆ ಎಂಬ ಆ ಷರಾ ಸಲ್ಲಬೇಕಾದದ್ದು ನನಗೆ. ದಯವಿಟ್ಟು ಅವಳ ವರದಿಯಿಂದ ಅದನ್ನು ಹೊಡೆದುಹಾಕಿ. ನಿನ್ನೆ ಸಂಜೆ ಹನ್ನೊಂದನ್ನೂ ಒಂದೊಂದಾಗಿ ಅವಳನ್ನೇ ಕೇಳಿದ್ದೇನೆ. ಒಂಬತ್ತಕ್ಕೆ 'ಹೌದು' ಎಂದಿದ್ದಾಳೆ. ಅವುಗಳನ್ನು ಇದರೊಂದಿಗೆ ಲಗತ್ತಿಸಿದೆ. ಉಳಿದ ಎರಡಕ್ಕೆ 'ಈಗ್ಯಾಕ ಬೇಕು ನಿಮಗ?' ಎಂದಳು. ಅವಕ್ಕೆ ಉತ್ತರ ಪಡೆಯಲು ನನಗೆ ಇನ್ನಷ್ಟು ಕಾಲಾವಕಾಶ ಬೇಕಾಗಬಹುದು.

ಇಂತಿ,
ಹದಿನಾರು ವರ್ಷದ ಸಂಸಾರದ ನಂತರ ನಿನ್ನೆಯಷ್ಟೇ ತಯಾರಿ ಆರಂಭಿಸಿದ ಅಭ್ಯರ್ಥಿ,
ಗುರುಪ್ರಕಾಶ್, ರಾಯದುರ್ಗ