ಚಾರ್ಜರಿಗೆ ಸಿಕ್ಕಿಸಿದ ಫೋನುಗಳು

ಮಾರ್ಚ್ 4, ಸಂಜೆ

ಮತ್ತೆ ಅದೇ ರಗಳೆ. ರಕ್ತದ ಸಕ್ಕರೆ ಇಳಿದರೆ ಎಚ್ಚರಿಸುವ ಆ್ಯಪ್‌ನ ಟೆಸ್ಟ್ ಮುಗಿಯುತ್ತಲೇ ಇಲ್ಲ. ಸರ್ವರ್‌ನೊಳಗೆ ನೂರಾರು ನಕಲಿ ಫೋನು. ಒಂದಕ್ಕೂ ನಿಜವಾದ ಬ್ಯಾಟರಿಯಿಲ್ಲ. ಇಷ್ಟು ಚಾರ್ಜ್ ಉಳಿದಿದೆ ಅಂತ ನಾನು ಹೇಳಬೇಕು, ಅವು ನಂಬಬೇಕು. ಶುರುವಾಗುವಾಗ ಎಲ್ಲವೂ ಚಾರ್ಜರಿಗೆ ಸಿಕ್ಕಿಸಿದ ಹಾಗೇ ಇರುತ್ತವೆ. 'ಚಾರ್ಜರ್ ಕಿತ್ತಿದೆ' ಎಂದು ಒಂದು ಸಾಲು ಬರೆದರೆ ಮಾತ್ರ ನಿಜವಾದ ಫೋನಿನಂತೆ, ಬ್ಯಾಟರಿ ಉಳಿಸಲು ಆ್ಯಪ್‌ಗಳನ್ನೆಲ್ಲ ನಿಲ್ಲಿಸಿ ನಿದ್ದೆಗೆ ಜಾರುತ್ತವೆ. ಆ ನಿದ್ದೆ ಕಾಯುತ್ತ ಕೂರುವುದೇ ಯಮಯಾತನೆ.

ನಮ್ಮ ಟೀಮ್ ಲೀಡ್ ಬಂದು ಕುರ್ಚಿ ಹಿಂದೆ ನಿಂತರು. "ನಾಳೆ ರಿಲೀಸ್. ಏನಾದ್ರೂ ಮಾಡಿ."

ಆ ಸಾಲು ತೆಗೆದೆ. ಟೆಸ್ಟ್ ಸರಸರ ಓಡಿತು. ಎಲ್ಲ ಹಸಿರು, ಎಲ್ಲ ಪಾಸ್. ನಾಳೆ ವಾಪಸ್ ಹಾಕಿದರಾಯಿತು.

ಮಾರ್ಚ್ 9

ಚಿಕ್ಕಪ್ಪನ ತೋಳಿಗೆ ಸಕ್ಕರೆ ಅಳೆಯುವ ಬಿಲ್ಲೆ ಅಂಟಿಸಿದೆ, ಫೋನಿಗೆ ನಮ್ಮ ಆ್ಯಪ್ ಹಾಕಿದೆ. ಸಕ್ಕರೆ ತೀರಾ ಇಳಿದರೆ ಅವರ ಫೋನು ಕೂಗುತ್ತದೆ, ಚಿಕ್ಕಮ್ಮನಿಗೂ ಕರೆ ಹೋಗುತ್ತದೆ.

"ಜೀವಮಾನವೆಲ್ಲ ಬಸ್ಸಲ್ಲಿ ಟಿಕೆಟ್ ಹರಿದೆ. ಈಗ ನನ್ನ ಮೈಗೇ ಅಂಟಿಸಿದ್ಯಲ್ಲೇ. ಯಾವ ಸ್ಟಾಪಿಗೆ?" ಚಿಕ್ಕಪ್ಪ.

ಚಿಕ್ಕಮ್ಮ ನಗಲಿಲ್ಲ. ಮಧ್ಯಾಹ್ನ ಅವರು ಮಲಗಿದರೆ ಮಂಚದ ಪಕ್ಕ ಬಿಟ್ಟು ಅಲ್ಲಾಡುವವಳಲ್ಲ. ಹೊಲಿಗೆ ಅಂಗಡಿ ಮುಚ್ಚಿದ್ದೇ ಅದಕ್ಕೆ. "ಇದನ್ನ ನಂಬ್ಕೊಂಡು ಅಂಗಡಿ ತೆಗೀಲಾ?"

"ನಾನೇ ಟೆಸ್ಟ್ ಮಾಡಿರೋದು ಚಿಕ್ಕಮ್ಮ. ಕಣ್ಣು ಮುಚ್ಕೊಂಡು ಹೋಗು."

ಸಾಕಿ ಬೆಳೆಸಿದವಳಿಗೆ ಇಷ್ಟಾದರೂ ಮಾಡಿದೆನಲ್ಲ. ಖುಷಿಯಾಯಿತು.

ಮಾರ್ಚ್ 21, ಆಸ್ಪತ್ರೆ

ಚಿಕ್ಕಪ್ಪ ಇನ್ನೂ ಕಣ್ಣು ಬಿಟ್ಟಿಲ್ಲ.

ಚಿಕ್ಕಮ್ಮ ನನ್ನ ಕೈ ಹಿಡಿದು ಹೇಳಿದ್ದನ್ನೇ ಹೇಳುತ್ತಿದ್ದಾಳೆ. "ಅಂಗಡಿಯಿಂದ ಬಂದೆ. ಮಲಗಿದ್ರು. ಫೋನ್ ಚಾರ್ಜ್ ಇಳಿದಿದೆ ಅಂತ ಸಿಕ್ಕಿಸಿದೆ ಅಷ್ಟೇ, ಬಾಯಿ ಬಡ್ಕೊಳ್ತು ಕಣೇ. ಇಲ್ದಿದ್ರೆ ನಿದ್ದೆ ಅಂದ್ಕೊಂಡು ಒಳಗೆ ಹೋಗ್ತಿದ್ದೆ. ನಿನ್ನ ಆ್ಯಪ್ಪೇ ಅವರನ್ನ ಉಳಿಸಿದ್ದು."

ಚಾರ್ಜಿಗೆ ಸಿಕ್ಕಿಸಿದ ಮೇಲೆ ಕೂಗಿತು... ಆ ಸಾಲು ನಾನು ವಾಪಸ್ ಹಾಕಿರಲೇ ಇಲ್ಲ.

ಮಾರ್ಚ್ 23

ಆ ಸಾಲು ವಾಪಸ್ ಹಾಕಿ ಓಡಿಸಿದೆ. ಫೋನುಗಳು ನಿದ್ದೆ ಹೋದವು. ಅವಕ್ಕೆ ಕಳಿಸುವ ಸಕ್ಕರೆ ಅಂಕಿ ಇಳಿಸಿದೆ. ಒಂದೂ ಉಸಿರೆತ್ತಲಿಲ್ಲ. ಚಾರ್ಜರ್ ಸಿಕ್ಕಿಸಿದೆ — ಎಲ್ಲವೂ ಒಟ್ಟಿಗೆ ಎದ್ದವು.

ಬಿಲ್ಲೆಯ ದಾಖಲೆ ನೋಡಿದೆ, ಚಿಕ್ಕಪ್ಪನ ಸಕ್ಕರೆ ಇಳಿದದ್ದು ಮಧ್ಯಾಹ್ನ. ಚಿಕ್ಕಮ್ಮ ಬಂದದ್ದು ಸಂಜೆ.

ಲೀಡ್‌ಗೆ ಎಲ್ಲ ಹೇಳಿದೆ. ಟೆಸ್ಟ್ ತಾವೇ ಓಡಿಸಿ ನೋಡಿದರು. ಆಮೇಲೆ, "ಅವಸರ ಮಾಡಿದ್ದು ನಾನೂ." ಬಳಸುವವರಿಗೆಲ್ಲ ಎಚ್ಚರಿಕೆಯ ಮೆಸೇಜ್ ಹೋಗುತ್ತದೆ. ರಿಪೇರಿಗೆ ಸಮಯ ಬೇಕು. ಆಫೀಸಿನಲ್ಲಿ ಹೇಳುವುದು ಸುಲಭ, 'ಟೆಸ್ಟ್‌ನಲ್ಲಿ ಲೋಪ' ಎಂದರೆ ಮುಗಿಯಿತು. ಚಿಕ್ಕಮ್ಮ ಮೆಸೇಜ್ ಓದುವವಳಲ್ಲ. ಎಲ್ಲಕ್ಕೂ ನಾನಿದ್ದೇನಲ್ಲ ಅವಳಿಗೆ.

ಏಪ್ರಿಲ್ 2

ಚಿಕ್ಕಪ್ಪ ಮನೆಗೆ ಬಂದರು. ಮಾತು ತಡವರಿಸುತ್ತದೆ. ತೋಳಿನ ಬಿಲ್ಲೆ ತೋರಿಸಿ "ಟಿ... ಟಿ..." ಎಂದರು. ಮುಂದಕ್ಕೆ ಬರಲಿಲ್ಲ. ನಾನೇ ನಕ್ಕೆ. ಅವರು ನಗಲಿಲ್ಲ.

ಪಕ್ಕದ ಮನೆಯವರಿಗೆ ಚಿಕ್ಕಮ್ಮ ಹೇಳುತ್ತಿದ್ದಳು, "ನಮ್ಮ ಹುಡುಗಿ ಟೆಸ್ಟ್ ಮಾಡಿದ್ದಕ್ಕೇ ಇಷ್ಟಾದ್ರೂ ಉಳೀತು."

ನೀರಿನ ಲೋಟ ಹಿಡಿದು ಅಲ್ಲೇ ನಿಂತಿದ್ದೆ. ಬಾಯಲ್ಲಿ ಬಿಸಿ ತುಪ್ಪ. ನುಂಗಲಾರೆ, ಉಗುಳಲಾರೆ. ಹೇಡಿ ನಾನು. ರಜೆ ಹಾಕಿದ್ದೇನೆ, ಮಧ್ಯಾಹ್ನ ನಾನೇ ಕಾಯುತ್ತೇನೆ. ಎಷ್ಟು ದಿನ?

ಏಪ್ರಿಲ್ 5, ಮಧ್ಯಾಹ್ನ

ರಜೆ ಮುಗಿಯಿತು, ಇವತ್ತು ಮಧ್ಯಾಹ್ನದ ಪಾಳಿ; ಆ್ಯಪ್ ರಿಪೇರಿ ಇನ್ನೂ ಆಗಿಲ್ಲ. ಚಿಕ್ಕಪ್ಪ ಈಗಷ್ಟೇ ಮಲಗಿದರು. ಚಿಕ್ಕಮ್ಮ ತಲೆ ಬಾಚಿಕೊಂಡು ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡಳು.

"ಫೋನ್ ದಿಂಬಿನ ಹತ್ರ ಇಟ್ಟಿದೀನಿ ಕಣೇ. ನೀನೂ ಆಫೀಸಿಗೆ ಹೊರಡು. ನಾನು ಅಂಗಡಿ ತೆಗೀತೀನಿ. ಹೆಚ್ಚುಕಮ್ಮಿ ಆದ್ರೆ ಅದು ಕೂಗತ್ತಲ್ಲ."

ಹೂಂ ಎಂದುಬಿಟ್ಟೆ. ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಚಾರ್ಜರಿಗೇ ಸಿಕ್ಕಿಸಿಡು ಎನ್ನಬಹುದು, ಕರೆಂಟ್ ಹೋದರೆ ಮತ್ತೆ ಅದೇ ನಿದ್ದೆ. ಹೇಳಿದರೆ ಅವಳ ಅಂಗಡಿ ಹೋಯಿತು. ನನ್ನ ಮುಖ ನೋಡುವ ಅವಳ ಆ ಕಣ್ಣೂ ಹೋಯಿತು. ಹೇಳದಿದ್ದರೆ...

ಚಪ್ಪಲಿ ಹುಡುಕುತ್ತಿದ್ದಾಳೆ. ಸಿಕ್ಕಿತು. ಚಿಲಕದ ಸದ್ದು.

"ಚಿಕ್ಕಮ್ಮಾ, ನಿಲ್ಲು" ಎಂದು ಇಲ್ಲಿಂದಲೇ ಕೂಗಿದೆ.

"ಏನೇ? ಮೆಲ್ಲಗೆ, ಎದ್ದುಬಿಡ್ತಾರೆ." ವಾಪಸ್ ಬರುತ್ತಿದ್ದಾಳೆ. ಹೇಳಿಬಿಡುತ್ತೇನೆ, ಆ ಸಾಲು ತೆಗೆದದ್ದು ನಾನೇ—